ತಾನು ಯಾರೆಂದು ಕೇಳಿದ ಮಾತ್ರೆ

ಒಂದು ವೃದ್ಧಾಶ್ರಮದ ಔಷಧಿ ಬೀರುವಿನಲ್ಲಿ, ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದರೊಳಗೆ ಒಂಟಿ ಮಾತ್ರೆಯೊಂದಿತ್ತು. ಬಿಸಾಡಲು ಮನಸ್ಸು ಬಾರದೆ ಯಾರೋ ಅದನ್ನು ಅಲ್ಲಿಟ್ಟಿದ್ದರು. ಹೆಸರು, ತಾರೀಖು ಅಚ್ಚಾಗಿದ್ದ ಭಾಗ ಮಾತ್ರ ಎಲ್ಲೋ ಹೋಗಿತ್ತು. ತಾನು ಯಾವ ಕಾಯಿಲೆಯ ಮದ್ದೆಂದು ತಿಳಿಯದೆ ಮಾತ್ರೆಗೆ ಸಮಾಧಾನವೇ ಇರಲಿಲ್ಲ.

"ಕತ್ತರಿಯವರೇ, ನಾನು ಯಾರು?"

"ಎಷ್ಟು ಬೇಕೆಂದು ನೋಡಿ ಕತ್ತರಿಸಿದೆನೇ ಹೊರತು ಯಾರೆಂದು ನೋಡಲಿಲ್ಲ," ಎಂದಿತು ಕತ್ತರಿ.

ಪಕ್ಕದಲ್ಲೇ ತುಂಗಮ್ಮನ ಹೆಸರು ಬರೆದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದರೊಳಗಿನ ಬಿ.ಪಿ. ಮಾತ್ರೆಗಳೂ ಹೀಗೆಯೇ ಬೆಳ್ಳಗೆ, ದುಂಡಗೆ ಇದ್ದವು.

"ನಾನೂ ಇವರ ಕಡೆಯವನೇ ಇರಬೇಕು. ಒಳಗೆ ಬರಲೇ?"

"ಬಂದರೆ ನಿನಗೆ ತುಂಗಮ್ಮನ ಹೆಸರು ಸಿಗುತ್ತದೆ, ನಿನ್ನದಲ್ಲ," ಎಂದಿತು ಡಬ್ಬಿ. "ನೀನು ಸಕ್ಕರೆ ಕಾಯಿಲೆಯ ಮದ್ದಾಗಿದ್ದರೆ ಆಕೆಯ ಗತಿಯೇನು?"

ಮಾತ್ರೆ ಹಿಂದೆ ಸರಿಯಿತು.

ಅಷ್ಟರಲ್ಲಿ ನರ್ಸ್ ಫಿಲೋಮಿನಾ ಬಂದು ಅದನ್ನೆತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ತುಂಗಮ್ಮ ಕೈಚಾಚಿದರು. "ಅದೇ ಕಣಮ್ಮ ನಂದು. ಕೊಡು, ನುಂಗ್ತೀನಿ."

"ತಡೀರಜ್ಜಿ. ಇದು ಯಾವುದು ಅಂತಲೇ ಗೊತ್ತಾಗ್ತಿಲ್ಲ."

ಆಕೆ ಡಬ್ಬಿಯಿಂದ ಬೇರೊಂದು ಮಾತ್ರೆ ತೆಗೆದುಕೊಟ್ಟು, ಇದನ್ನು ಬೇಡದ ಔಷಧಿಗಳ ಜಾಡಿಗೆ ಹಾಕಿದಳು.

ಜಾಡಿಯಲ್ಲಿ ಇಂಥ ತುಂಡುಗಳು ಬೇಕಾದಷ್ಟಿದ್ದವು. ಇವರನ್ನಾದರೂ ಕೇಳೋಣವೆಂದು ಮಾತ್ರೆ ಬಾಯಿ ತೆರೆಯುವ ಮೊದಲೇ ಅವೆಲ್ಲ ಅದನ್ನು ಮುತ್ತಿಕೊಂಡು ಕೇಳಿದವು:

"ಹೊಸಬರೇ, ನಾವು ಯಾರೆಂದು ನಿಮಗೇನಾದರೂ ಗೊತ್ತೇ?"