ಶಾಲು ಕೇಳಿದ ಬಾವಿ

ಒಂದಾನೊಂದು ಊರಿನಲ್ಲಿ ಮುದ್ದಭೂಪ ಎಂಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಯಾರಿಗಾದರೂ ಸನ್ಮಾನ ಮಾಡಬೇಕು, ಅಷ್ಟೇ. ಸೀನಿದವನಿಗೂ ಹಾರ ಹಾಕಿ, "ಆಹಾ, ಎಂಥ ಸೀನು!" ಎನ್ನುತ್ತಿದ್ದ.

ಅರಮನೆಗೆ ನೀರು ಸೇದುವವಳು ಚಿಕ್ಕತಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಡು ಗುನುಗುತ್ತ ಸೇದುತ್ತಿದ್ದಳು. ಒಂದು ದಿನ ರಾಜ ಅದನ್ನು ನೋಡಿಬಿಟ್ಟ. ಅಲ್ಲೇ ಆಗಿದ್ದು ನೋಡಿ ಎಡವಟ್ಟು.

"ಭಲೇ ಚಿಕ್ಕತಾಯಿ! ಇನ್ನು ಮೇಲೆ ಸೇದಿದ ಕೊಡಕ್ಕೊಂದು ಶಾಲು ನಿನಗೆ!"

"ನೀರು ಸೇದಕ್ಕೆ ಶಾಲ್ಯಾಕೆ ಬುದ್ಧಿ?" ಎಂದಳು. ಆದರೂ ಹೊದ್ದಳು. ಬೆಚ್ಚಗಿತ್ತು. ಮರುದಿನ ಶಾಲು ಬರುವುದು ತಡವಾಯಿತು. ಅವಳೂ ಕೊಡವನ್ನು ಅರ್ಧ ಬಾವಿಯಲ್ಲೇ ನೇತುಹಾಕಿ ಕಾದಳು. ಹಾಡು ಯಾವಾಗ ನಿಂತಿತೋ ಅವಳಿಗೇ ಗೊತ್ತಾಗಲಿಲ್ಲ.

ಹಗ್ಗ ಇದನ್ನು ನೋಡಿತು. "ಏನಕ್ಕ, ಸವೆಯೋದು ನಾನು, ಶಾಲು ನಿಂಗಾ?"

ಚಿಕ್ಕತಾಯಿ ದಂಗಾದಳು. ರಾಜ ಮಾತ್ರ ಕುಣಿದಾಡಿದ. ಹಗ್ಗಕ್ಕೆ ಶಾಲು. ಅದನ್ನು ಕಂಡು ರಾಟೆ ಕಿರುಗುಟ್ಟಿತು. ರಾಟೆಗೂ ಶಾಲು. ಕೊಡ ಮುನಿಸಿಕೊಂಡು ಮಗುಚಿತು. ಕೊಡಕ್ಕೂ ಶಾಲು. ಕೊನೆಗೆ ಬಾವಿ ಗಂಟಲು ಸರಿಮಾಡಿಕೊಂಡಿತು.

"ನೀರು ಯಾರದಮ್ಮ?"

ಬಾವಿಗೆ ಬರೀ ಶಾಲು ಸಾಲದು. ಸ್ವಾಗತ ಭಾಷಣ ಬೇಕು, ಗುಣಗಾನ ಬೇಕು. ವಂದನಾರ್ಪಣೆ ಮುಗಿಯದೆ ಹನಿ ನೀರು ಬಿಡದು.

ಹೀಗಿರುವಾಗ ಒಂದು ಮಧ್ಯಾಹ್ನ ಚಿಕ್ಕತಾಯಿಯ ಗುಡಿಸಲಿಗೆ ಬೆಂಕಿ ಬಿತ್ತು. ತಾನೇ ಮಣ್ಣು ತುಳಿದು, ತಾನೇ ಹುಲ್ಲು ಹೊದಿಸಿದ ಗುಡಿಸಲು. ಅದು ಬಿಟ್ಟರೆ ಅವಳಿಗೆ ಬೇರೆ ನೆರಳಿಲ್ಲ. ಎದೆ ಬಡಿದುಕೊಳ್ಳುತ್ತ ಬಾವಿಗೆ ಓಡಿದಳು.

"ನೀರು ಬಿಡವ್ವಾ, ಮನೆ ಉರೀತಾ ಅದೆ!"

"ಮುಖ್ಯ ಅತಿಥಿಗಳು ಬಂದರಾ?" ಎಂದಿತು ಬಾವಿ.

ಮೈಮೇಲಿದ್ದ ಶಾಲುಗಳನ್ನೆಲ್ಲ ಕಿತ್ತು ಬಾವಿಗೆ, ಹಗ್ಗಕ್ಕೆ, ರಾಟೆಗೆ, ಕೊಡಕ್ಕೆ ಹೊದಿಸಿದಳು. ತಾನೇ ಸ್ವಾಗತಿಸಿದಳು, ತಾನೇ ಹೊಗಳಿದಳು, ಅಳುತ್ತಲೇ ವಂದಿಸಿದಳು. ತುಂಬಿದ ಕೊಡ ತಾನಾಗಿ ಮೇಲೆ ಬಂತು. ಸದ್ಯ!

ಎತ್ತಲು ಬಗ್ಗಿದಳು. ಬಲಗೈ ಏಳಲಿಲ್ಲ.

"ನನಗೆ?" ಎಂದಿತು ಕೈ.

ಹಗ್ಗ ಮಾತಾಡಿದಾಗಲೂ ಅವಳು ಇಷ್ಟು ಬೆಚ್ಚಿರಲಿಲ್ಲ. "ನೀನು ನನ್ನ ಕೈ ಕಣೇ! ಉರೀತಿರೋದು ನಮ್ಮನೆ!"

"ಇರಬಹುದು. ಶಾಲು ಎಲ್ಲಿ?"

"ಅವಳಿಗೆ ಕೊಟ್ಟ ಮೇಲೆ ನನಗೂ," ಎಂದು ಎಡಗೈ ಬೆನ್ನ ಹಿಂದೆ ಅಡಗಿತು.

ಶಾಲು ಒಂದೂ ಉಳಿದಿರಲಿಲ್ಲ. ಬಾವಿಯದನ್ನು ಕಿತ್ತುಕೊಳ್ಳೋಣವೆಂದರೆ ಅದಕ್ಕೂ ಕೈಯೇ ಬೇಕಲ್ಲ! ತುಂಬಿದ ಕೊಡದ ಮುಂದೆ ನಿಂತು, ಮನೆ ಬೂದಿಯಾಗುವುದನ್ನು ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ನೀತಿ ಏನು ಅಂತೀರಾ? ಕೈಗಳ ಎದುರು ಯಾರನ್ನೂ ಹೊಗಳಬೇಡಿ. ಹೂಂ, ಏಳಿ, ಮನೆಗೆ ಹೊರಡಿ, ಕಾಲುಗಳು ಇನ್ನೂ ಪುಕ್ಕಟೆ ನಡೆಯುತ್ತಿರುವಾಗಲೇ.