ಇಲ್ಲದ ಬಾವಿ

"ಗುರುಗಳೇ, ಜೊತೆಯವರನ್ನು ಅನುಮಾನದಿಂದ ನೋಡುವುದು ತಪ್ಪೇ?" ಎಂದು ನಿಂಬಣ್ಣ ಕೇಳಿದ.

ಅವನ ಸಹಪಾಠಿ ಕೊಟ್ರಯ್ಯ ವೈದ್ಯವಿದ್ಯೆ ಮುಗಿಸಿ ಮರುದಿನ ತನ್ನ ಊರಿಗೆ ಹೊರಡುವವನಿದ್ದ. ಅವನು ಕೇಳಿದ್ದಕ್ಕೆ ವಿಷಮಜ್ವರದ ಕಷಾಯ ಮಾಡುವ ಕ್ರಮವನ್ನು ನಿಂಬಣ್ಣನೇ ಆ ಮಧ್ಯಾಹ್ನ ಬರೆದುಕೊಟ್ಟಿದ್ದ. ಅದೆಲ್ಲ ಗುರುವಿಗೆ ಗೊತ್ತಿತ್ತು. ಅವರು ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಹಳೆಯ ದಾರಿಪಟಗಳ ಹುಚ್ಚು. ಹಿಂದಿನ ಕಾಲದಲ್ಲಿ ವರ್ತಕರ ತಂಡಗಳನ್ನು ನಡೆಸುತ್ತಿದ್ದ ಸಾರ್ಥವಾಹರು ಬಟ್ಟೆಯ ಮೇಲೆ ಬರೆಸಿಟ್ಟುಕೊಂಡಿದ್ದ ಪಟಗಳು ಎಲ್ಲೇ ಇವೆ ಎಂದು ತಿಳಿದರೂ ಅಲ್ಲಿಗೆ ಹೋಗುತ್ತಿದ್ದ. ಕೊಡುವವರಿಂದ ಕೊಂಡುಕೊಳ್ಳುತ್ತಿದ್ದ. ಕೊಡದವರ ಬಳಿ, "ನೋಡಿ ಎಂಟು ದಿನಕ್ಕೆ ವಾಪಸ್ ತಂದುಕೊಡ್ತೀನಿ" ಎಂದು ಬೇಡಿ ತಂದು, ಬಾಗಿಲು ಹಾಕಿಕೊಂಡು ನಕಲು ಮಾಡಿ, ಏನೂ ಅರಿಯದವನಂತೆ ಹಿಂದಿರುಗಿಸುತ್ತಿದ್ದ. ಅವನ ಪೆಟ್ಟಿಗೆ ತುಂಬಿದ್ದು ಹೆಚ್ಚಾಗಿ ಹೀಗೆಯೇ.

ತಾ ಕಳ್ಳ, ಪರರ ನಂಬ. ಅವನ ಪೆಟ್ಟಿಗೆಗೆ ಬೀಗ, ಕೋಣೆಗೆ ಇನ್ನೊಂದು ಬೀಗ. ಯಾರಾದರೂ ಆ ಕಡೆ ಕಣ್ಣು ಹಾಯಿಸಿದರೂ ಸಾಕು, ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಪಟ ಬರೆಯುವವರಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಪಟದಲ್ಲೂ ಎಲ್ಲೂ ಇಲ್ಲದ ಒಂದು ಬಾವಿಯನ್ನು ಬರೆದಿಡುತ್ತಿದ್ದರು. ಯಾರಾದರೂ ಕದ್ದು ನಕಲು ಮಾಡಿದರೆ ಆ ಬಾವಿಯೂ ನಕಲಿನಲ್ಲಿ ಬರುತ್ತಿತ್ತು, ಕಳ್ಳ ಸಿಕ್ಕಿಬೀಳುತ್ತಿದ್ದ. ಆದರೆ ಪಟ ಹಿಡಿದು ಹೊರಟವನಿಗೆ ಮಾತ್ರ, "ಇಂಥ ಬಾವಿ ಇಲ್ಲ, ನಂಬಬೇಡ" ಎಂದು ಕಿವಿಯಲ್ಲಿ ಹೇಳಿಯೇ ಕಳಿಸುತ್ತಿದ್ದರು. ಹೇಳದೆ ಕಳಿಸಿದವನ ಕೈಯ ನೀರನ್ನು ಆ ಕಸುಬಿನವರು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ದಿನ ವರ್ತಕನ ಸ್ವಂತ ತಮ್ಮ ಬಂದ.

"ಅಣ್ಣಾ, ಮಗಳನ್ನ ಚೊಚ್ಚಲ ಹೆರಿಗೆಗೆ ಕರ್ಕೊಂಡು ಬರ್ಬೇಕು. ಹೊಸ ದಾರೀಲಿ ದರೋಡೆ ಕಾಟ. ಬಯಲಿನ ಹಳೇ ದಾರಿ ಪಟ ನಿನ್ ಹತ್ರ ಐತಲ್ಲ, ಕೊಡು."

"ಪಟ ಯಾಕೆ? ಬಾಯಲ್ಲೇ ಹೇಳ್ತೀನಿ ಬಿಡು."

"ಮರೆತುಬಿಡ್ತೀನಿ. ಎಂಟು ದಿನಕ್ಕೆ ವಾಪಸ್ ತಂದುಕೊಡ್ತೀನಿ."

ಎಂಟು ದಿನ! ವರ್ತಕನ ಎದೆ ಧಸಕ್ಕೆಂದಿತು. ಅದು ಅವನದೇ ಮಾತು. ಮಗಳ ಹೆರಿಗೆಯಂತೆ, ಹಳೆಯ ದಾರಿಯಂತೆ, ಯಾರ ಕಿವಿಗೆ ಹೂ ಇಡುತ್ತಿದ್ದಾನೆ ಇವನು? ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ನಾಳೆ ಬಾ" ಎಂದ. ಹಳೆಯ ಪಟದ ಒಂದು ನಕಲು ತೆಗೆದು, ಬಯಲಿನ ಕೊನೆಯ ಬಾವಿಯ ಆಚೆಗೆ ಇನ್ನೊಂದು ಬಾವಿಯನ್ನು ತನ್ನ ಕೈಯಾರೆ ಬರೆದ. ಈ ಬಾವಿ ಪೇಟೆಯಲ್ಲಿ ಎಲ್ಲಾದರೂ ಕಾಣಿಸಲಿ, ತಮ್ಮನ ಬಣ್ಣ ಬಯಲಾಗುತ್ತದೆ ಎಂದುಕೊಂಡ.

ತಮ್ಮ ಎತ್ತಿನಾಳಿನೊಡನೆ ಹೊರಟಾಗ ಆ ಬಾವಿ ಇಲ್ಲವೆಂಬ ಮಾತು ವರ್ತಕನ ತುದಿನಾಲಿಗೆಗೆ ಬಂತು. ಹೇಳಿಬಿಟ್ಟರೆ ಕಳ್ಳನನ್ನು ಹಿಡಿಯುವುದು ಹೇಗೆ? ನುಂಗಿಕೊಂಡ.

ಮರುದಿನದಿಂದ ಅವನಿಗೆ ಅಂಗಡಿಯ ಮೇಲೆ ಗಮನವಿಲ್ಲ. ಪೇಟೆಯಲ್ಲಿ ಪಟ ಮಾರುವವರ ಮುಂದೆ ನಿಂತು ಒಂದೊಂದನ್ನೇ ಬಿಡಿಸಿ, ತನ್ನ ಬಾವಿಯನ್ನು ಹುಡುಕುತ್ತಿದ್ದ. ಸಿಗಲಿಲ್ಲ. ಸಿಗಲಿಲ್ಲವೆಂದು ಅನುಮಾನ ಇನ್ನೂ ಬಲಿಯಿತು. ಜಾಣ, ದೂರದೂರಿನಲ್ಲಿ ಮಾರಿದ್ದಾನೆ ಎಂದುಕೊಂಡ.

ಕೆಲವು ದಿನ ಕಳೆದ ಮೇಲೆ ಎತ್ತಿನಾಳು ಆ ಪೇಟೆಗೇ ಓಡಿಬಂದ. ಅವನ ತುಟಿ ಒಡೆದಿತ್ತು.

"ಧಣೀ, ಮುಂದೆ ಇನ್ನೊಂದು ಬಾವಿ ಐತೆ ಅಂತ ಹಿಂದಿನ ಬಾವೀಲಿ ಕೊಡ ತುಂಬಿಸ್ಲಿಲ್ಲ. ಹೋಗಿ ನೋಡಿದ್ರೆ ಬಟಾಬಯಲು. ವಾಪಸ್ ಹೋಗೋಣ ಅಂದೆ. ನಿಮ್ ತಮ್ಮನೋರು ಕೇಳ್ಲಿಲ್ಲ. 'ಅಣ್ಣ ಬರೆದವ್ನೆ ಅಂದ್ಮೇಲೆ ಬಾವಿ ಇದ್ದೇ ಇರ್ತದೆ, ಮಣ್ಣು ಮುಚ್ಚಿರ್ಬೇಕು' ಅಂತ ಅಗೀತಾ ಕೂತ್ರು. ನಾನು ಹಿಂದಿನ ಬಾವಿಗೆ ಹೋಗಿ ನೀರು ತಂದೆ. ಅಷ್ಟೊತ್ಗೆ ಅವ್ರಿಗೆ ನುಂಗೋ ಶಕ್ತಿ ಇರ್ಲಿಲ್ಲ."

ವರ್ತಕ ಎದ್ದೆನೋ ಬಿದ್ದೆನೋ ಎಂದು ಬಯಲಿಗೆ ಓಡಿದ. ತಾನು ಬರೆದ ಜಾಗದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಎದೆಯುದ್ದದ ಗುಂಡಿಯಿತ್ತು. ಪಕ್ಕದಲ್ಲಿ ಎತ್ತಿನಾಳು ಹೊದಿಸಿದ್ದ ಕಂಬಳಿಯಡಿ ತಮ್ಮ ಮಲಗಿದ್ದ. ಪಟಕ್ಕೆ ಬೆವರು ತಾಗದಿರಲೆಂದು ಅದನ್ನು ರುಮಾಲಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದ. ಗಂಟಿನಲ್ಲಿ ಮಗಳಿಗೆಂದು ತಂದಿದ್ದ ಹಸಿರು ಸೀರೆ, ಬಳೆ, ಕೊಬ್ಬರಿ ಬಿಟ್ಟರೆ ಬೇರೇನೂ ಇರಲಿಲ್ಲ. ವರ್ತಕ ಆ ಗುಂಡಿಯಲ್ಲಿ ಇಳಿದು ಕುಳಿತು ಗೋಳೋ ಎಂದು ಅತ್ತ. ಮಗಳು ಅಪ್ಪನ ದಾರಿ ಕಾಯುತ್ತಲೇ ಇದ್ದಳು.

ಗುರು ಕತೆ ನಿಲ್ಲಿಸಿದರು.

ನಿಂಬಣ್ಣನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಆ ತಮ್ಮ ಪ್ರಾಮಾಣಿಕನಾಗಿದ್ದ, ಸರಿ. ಎಲ್ಲರೂ ಹಾಗೆಯೇ ಇರುತ್ತಾರೆ ಎಂದು ನಂಬುವುದು ಹೇಗೆ?" ಎಂದ.

ಗುರು ಕುಟ್ಟಾಣಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

"ಅದು ಹಾಗಿರಲಿ, ಕೊಟ್ರಯ್ಯ ಬೆಳಿಗ್ಗೆ ಹೊರಡುತ್ತಾನೆ, ಅವನಿಗೆ ಬರೆದುಕೊಟ್ಟ ಕಷಾಯದಲ್ಲಿ ನೀನು ಬಿಟ್ಟ ಬೇರು ಯಾವುದು?"