ಗೋಡೆಗೆ ತಿರುಗಿದ ಕುರ್ಚಿ

"ಗುರುವೇ, ಅಂದು ನನ್ನನ್ನು ಹಳಿದವರೇ ಇಂದು ನಾನು ಹಾಡಿದಂತೆ ಹಾಡುತ್ತಿದ್ದಾರೆ. ಹಳಿದದ್ದನ್ನು ಮಾತ್ರ ಒಬ್ಬರೂ ಒಪ್ಪುವುದಿಲ್ಲ. ಅದನ್ನು ಅವರ ಬಾಯಿಂದ ಹೇಳಿಸದೆ ನಾನು ಅವರ ನಡುವೆ ಹೇಗೆ ಕೂರಲಿ?"

ಕೇಳಿದವನು ಕಲ್ಮೇಶ. ಭಜನೆಗೆ ಹೊಸ ಧಾಟಿ ಕಟ್ಟಿದನೆಂದು ಮಠದ ಉಳಿದ ಶಿಷ್ಯರು ಹಿಂದೊಮ್ಮೆ ಅವನನ್ನು ಸಾಲಿನಿಂದ ಎಬ್ಬಿಸಿದ್ದರು. ಈಗ ಎಲ್ಲರ ಬಾಯಲ್ಲೂ ಅದೇ ಧಾಟಿ. ಕಲ್ಮೇಶ ಮಾತ್ರ ಇನ್ನೂ ಹೊರಗೇ ಕೂರುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ರೈಲ್ವೆ ಊರು. ಅಲ್ಲಿನ ಕಾರ್ಖಾನೆಯ ಒಬ್ಬ ಫಿಟ್ಟರ್, ಒಬ್ಬ ದರ್ಜಿ, ಒಬ್ಬ ಕಾಂಪೌಂಡರ್, ಇನ್ನೂ ಕೆಲವರು. ಎಲ್ಲರಿಗೂ ಒಂದೇ ಹುಚ್ಚು. ಪರದೇಶದ ಒಂದು ರಾಕ್ ತಂಡದ ಹಾಡು. ಆ ತಂಡದ ಹಾಡೊಂದು ಶುರುವಾದರೆ ರೆಕಾರ್ಡಿನ ಒಂದು ಮಗ್ಗುಲೇ ಮುಗಿಯಬೇಕು. ನಡುವೆ ಅದು ಎಷ್ಟೋ ವೇಷ ಬದಲಿಸುತ್ತಿತ್ತು. ಮಾತು ತಿಳಿಯದವರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇರೆ ಯಾರ ಹಾಡೂ ಅವರಿಗೆ ಬೇಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರು ದವಾಖಾನೆಯ ಮೇಲಿನ ಅಟ್ಟದಲ್ಲಿ ಸೇರುತ್ತಿದ್ದರು. ಇಕ್ಕಟ್ಟಾದ ಕೋಣೆ. ನಡುವೆ ಕಾಂಪೌಂಡರನ ರೆಕಾರ್ಡ್ ಪ್ಲೇಯರ್, ಸುತ್ತಲೂ ಗೋಡೆಗೆ ತಾಗಿ ಕುರ್ಚಿಗಳು. ನೆಲ ಹಲಗೆಯದು. ಹಾಡಿನ ನಡುವೆ ಎದ್ದು ನಡೆದರೆ ಪ್ಲೇಯರಿನ ಮುಳ್ಳು ಹಾರುತ್ತಿತ್ತು. ಆದ್ದರಿಂದ ಏಳುವಂತಿಲ್ಲ, ಮಾತಾಡುವಂತಿಲ್ಲ. ಹಾಡು ಹಿಡಿಸದಿದ್ದರೆ ಮೆಲ್ಲಗೆ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂರಬೇಕು. ಅದು ಅವರೇ ಮಾಡಿಕೊಂಡ ಕಟ್ಟಳೆ. ಆದರೆ ಎಂದೂ ಯಾರೂ ತಿರುಗಿಸಿರಲಿಲ್ಲ.

ಎಂಬತ್ತರ ದಶಕ ಬಂತು. ಆ ತಂಡದವರು ಉದ್ದ ಕೂದಲು ತೆಗೆಸಿದರು. ಹಾಡುಗಳೂ ಚಿಕ್ಕವಾದವು. ಡ್ರಮ್ ಬಾರಿಸಲು ಯಂತ್ರ ಬಂತು. ಆ ಹೊಸ ರೆಕಾರ್ಡನ್ನು ಫಿಟ್ಟರನೇ ಮುಂಬಯಿಯಿಂದ ತಂದ.

ಮೊದಲ ಹಾಡು ಮುಗಿಯಿತು. ಎರಡನೆಯದರ ನಡುವೆ ಒಂದು ಕುರ್ಚಿ ಕಿರ್ರೆಂದಿತು. ಆಮೇಲೆ ಇನ್ನೊಂದು. ರೆಕಾರ್ಡು ಮುಗಿಯುವ ಹೊತ್ತಿಗೆ ಎಲ್ಲರೂ ಗೋಡೆ ನೋಡುತ್ತಿದ್ದರು. ಫಿಟ್ಟರನೊಬ್ಬನೇ ಪ್ಲೇಯರಿಗೆ ಮುಖ ಮಾಡಿದ್ದ. "ಹಾಡು ಚಲೋ ಅದ," ಎಂದ.

"ಕೂದಲಾ ಕತ್ತರಿಸ್ಯಾರ, ಹಾಡೂ ಕತ್ತರಿಸ್ಯಾರ. ನನ್ನ ಅಂಗಡ್ಯಾಗೂ ಇಷ್ಟು ಚಿಂದಿ ಬೀಳೂದಿಲ್ಲ," ಎಂದ ದರ್ಜಿ.

"ಬಾರಿಸಾಕ ಮಿಷನ್ ಇಟ್ಟಾರ. ನಾಳೆ ಕೇಳಾಕೂ ಒಂದು ಮಿಷನ್ ತರತಾರ, ನಮಗ ರಜಾ," ಎಂದ ಕಾಂಪೌಂಡರ್. ಆಮೇಲೆ ಫಿಟ್ಟರನನ್ನು ನೋಡಿ ನಕ್ಕ. "ನೀ ದಿನಾ ಕಾರ್ಖಾನ್ಯಾಗ ಮಿಷನ್ ಸಪ್ಪಳ ಕೇಳಾವ. ನಿನಗ ಅದೇ ಸಂಗೀತ ಅನಸ್ತದ, ಬಿಡಪಾ."

ಮುಂದಿನ ಭಾನುವಾರ ಫಿಟ್ಟರ್ ಬಂದಾಗ ಅಟ್ಟದ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಹಳೆಯ ರೆಕಾರ್ಡು ಹಾಡುತ್ತಿತ್ತು. ಅವನು ಬಡಿದ. ಯಾರೂ ಏಳಲಿಲ್ಲ.

ಅವನು ವರ್ಗ ಕೇಳಿಕೊಂಡು ಊರು ಬಿಟ್ಟ. ಹೋದ ಊರುಗಳಲ್ಲಿ ಗೆಳೆಯರಾಗಲಿಲ್ಲ. ಆ ರೆಕಾರ್ಡನ್ನು ಅವನು ಮತ್ತೆ ಹಾಕಲೂ ಇಲ್ಲ. ಹಾಕಲು ಹೋದರೆ ಆ ಬೆನ್ನುಗಳು ಕಣ್ಣಿಗೆ ಕಟ್ಟುತ್ತಿದ್ದವು.

ಅವನ ಕೂದಲು ಹಣ್ಣಾದ ಕಾಲಕ್ಕೆ ಜಗತ್ತು ಮನಸ್ಸು ಬದಲಿಸಿತು. ಆ ತಂಡ ಮಾಡಿದ್ದರಲ್ಲಿ ಆ ರೆಕಾರ್ಡೇ ಎಲ್ಲಕ್ಕಿಂತ ಒಳ್ಳೆಯದು, ಅಂದು ಯಾರಿಗೂ ತಿಳಿಯಲಿಲ್ಲ ಎಂದು ಕೇಳುಗರು ಹೇಳತೊಡಗಿದರು. ಅಟ್ಟದ ಗೆಳೆಯರೂ ಈಗ ಭಾನುವಾರ ಅದನ್ನೇ ಹಾಕುತ್ತಾರೆಂಬ ಸುದ್ದಿ ಫಿಟ್ಟರನಿಗೆ ಮುಟ್ಟಿತು. ಅವನು ರೈಲು ಹತ್ತಿದ. 'ನೀನು ಹೇಳಿದ್ದು ಖರೆ ಇತ್ತು' ಎಂಬ ಒಂದು ಮಾತು ಅವರಿಂದ ಕೇಳಬೇಕಿತ್ತು. ಕೇಳಿದರೆ ಉಳಿದ ದಿನಗಳನ್ನು ಅವರ ಜೊತೆಗೇ ಕಳೆಯುವುದೆಂದು ಟ್ರಂಕನ್ನೂ ತಂದಿದ್ದ.

ಅಟ್ಟ ಹಾಗೆಯೇ ಇತ್ತು. ಗೋಡೆ ಅಂದಿನಿಂದ ಸುಣ್ಣ ಕಂಡಿರಲಿಲ್ಲ. ಎಲ್ಲರೂ ಮುದುಕರಾಗಿದ್ದರು. ಎಲ್ಲ ಕುರ್ಚಿಗಳೂ ಪ್ಲೇಯರಿಗೆ ಮುಖ ಮಾಡಿದ್ದವು. ಮೂಲೆಯಲ್ಲಿ ಒಂದು ಮಾತ್ರ ಗೋಡೆಗೆ ತಿರುಗಿತ್ತು. ಅದರ ಮೇಲೆ ದೂಳು ಕೂತಿತ್ತು.

"ಬಾರಪಾ ಫಿಟ್ಟರಣ್ಣ," ಎಂದ ಕಾಂಪೌಂಡರ್. ಅವನ ಕಣ್ಣು ತುಂಬಿತ್ತು. "ನಿನ್ನ ಕುರ್ಚಿ ನೀ ತಿರುಗಿಸಿದಂಗೇ ಇಟ್ಟೀವಿ. ಯಾರೂ ಮುಟ್ಟಿಲ್ಲ."

"ನಾ ತಿರುಗಿಸಲಿಲ್ಲ. ತಿರುಗಿಸಿದವರು ನೀವು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. "ಎರಡನೇ ಹಾಡಿನ ನಡುವ ನಿನ್ನ ಕುರ್ಚಿ ಕಿರ್ರ್ ಅಂತು. ನಮ್ಮ ಎದಿ ಝಲ್ ಅಂತು," ಎಂದ ದರ್ಜಿ. ಕಾಂಪೌಂಡರನೂ ಅದನ್ನೇ ಹೇಳಿದ, ಅದೇ ಮಾತುಗಳಲ್ಲಿ. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಫಿಟ್ಟರ್ ಅವರ ಕಣ್ಣುಗಳಲ್ಲಿ ಸುಳ್ಳನ್ನು ಹುಡುಕಿದ. ಸುಳ್ಳು ಇರಲಿಲ್ಲ.

"ಆದದ್ದು ಆತು. ನಾವು ಅದನ್ನ ಮನಸ್ಸಿನ್ಯಾಗ ಇಟ್ಕೊಂಡಿಲ್ಲ," ಎಂದ ಕಾಂಪೌಂಡರ್. "ಕುರ್ಚಿ ಇತ್ತ ತಿರುಗಿಸಿಕೊಂಡು ಕುಂದರು. ಮುಗೀತು." ಹಾಗೆಂದು ಅದೇ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.

ಹಾಡು ಶುರುವಾಯಿತು. ಇನ್ನು ನಿಂತಿರುವಂತಿಲ್ಲ. ಕುರ್ಚಿ ತಿರುಗಿಸಿದರೆ ಅಂದು ತಾನೇ ಗೋಡೆಗೆ ತಿರುಗಿದ್ದೆನೆಂದು ಒಪ್ಪಿದಂತೆ. ತಿರುಗಿಸದಿದ್ದರೆ ಅವರು ಹೇಳಿದ್ದೇ ನಿಜವೆಂದು ತೋರಿಸಿದಂತೆ. ಫಿಟ್ಟರ್ ಕುರ್ಚಿ ಇದ್ದಂತೆಯೇ ಗೋಡೆಗೆ ಮುಖ ಮಾಡಿ ಕೂತ.

ಕೂತಾಗ ಅವನ ಕಣ್ಣು ಗೋಡೆಯ ಬುಡಕ್ಕೆ ಬಿತ್ತು. ಪಕ್ಕದ ಕುರ್ಚಿಯ ಹಿಂದೆ, ಕಾಲಿನ ಮಟ್ಟದಲ್ಲಿ, ಬೂಟಿನ ಪಾಲಿಶಿನ ಕಪ್ಪು ಗುರುತುಗಳಿದ್ದವು. ಅದರಾಚೆಯ ಕುರ್ಚಿಯ ಹಿಂದೆಯೂ ಇದ್ದವು. ಅವನು ಮೆಲ್ಲಗೆ ಕತ್ತು ಹೊರಳಿಸಿದ. ಕೋಣೆಯ ಸುತ್ತಲೂ, ಪ್ರತಿ ಕುರ್ಚಿಯ ಹಿಂದೆ, ಗೋಡೆಗೆ ತಿರುಗಿ ಕೂತವರ ಗುರುತು. ತನ್ನ ಮುಂದಿನ ಗೋಡೆ ಮಾತ್ರ ಬೆಳ್ಳಗಿತ್ತು.

'ಗೋಡೆ ನೋಡ್ರಿ' ಎಂದು ಕೂಗಲು ಅವನು ಬಾಯಿ ತೆರೆದ. ಆಗ ಇನ್ನೊಂದು ಕಂಡಿತು. ಅವು ಸುಮ್ಮನೆ ತಾಗಿದ ಗುರುತುಗಳಲ್ಲ. ಒಂದರ ಮೇಲೊಂದು ಬಿದ್ದಿದ್ದವು. ಬೂಟಿನ ತುದಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಡಿದು ಸುಣ್ಣ ಕಿತ್ತಿತ್ತು. ಅಂದು ಬೆನ್ನು ತಿರುಗಿಸಿ ಕೂತವರ ಕಾಲು ಅದೇ ಹಾಡಿಗೆ ತಾಳ ಹಾಕಿತ್ತು.

ಅಂದು ನನ್ನ ಕಾಲು ಏನು ಮಾಡುತ್ತಿತ್ತು ಎಂದು ಅವನು ನೆನಪಿಸಿಕೊಳ್ಳಲು ನೋಡಿದ. ಒಬ್ಬೊಬ್ಬರ ಬೆನ್ನೂ ನೆನಪಿತ್ತು. ದರ್ಜಿಯ ಅಂಗಿಯ ಹೊಲಿಗೆಯೂ ನೆನಪಿತ್ತು. ಹಾಡಿನ ಒಂದು ಎಳೆಯೂ ನೆನಪಿರಲಿಲ್ಲ.

ಎದುರಿನ ಬಿಳಿ ಗೋಡೆಯಲ್ಲಿ ಟಕ್ ಎಂದಿತು. ಮತ್ತೆ ಟಕ್ ಎಂದಿತು. ಅವನು ಕೆಳಗೆ ನೋಡಿದ. ಬಡಿಯುತ್ತಿದ್ದುದು ಅವನ ಕಾಲೇ. ಅವನು ಬಡಿಯುತ್ತಿರಲಿಲ್ಲ, ಅದು ಬಡಿಯುತ್ತಿತ್ತು. ಸುಣ್ಣದ ಮೇಲೆ ಒಂದು ಕಪ್ಪು ಚುಕ್ಕೆ ಮೂಡಿತ್ತು.

ಅವನ ಬೆನ್ನ ಹಿಂದೆ ಒಂದು ಕುರ್ಚಿ ಕಿರ್ರೆಂದಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಅವನು ತಿರುಗಿ ನೋಡಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಕಲ್ಮೇಶ ತಡೆಯಲಾರದೆ ಕೇಳಿದ. "ಅವರು ಯಾವ ಕಡೆಗೆ ತಿರುಗಿದರು ಗುರುವೇ? ಅವನು ಆ ಗುರುತುಗಳನ್ನು ತೋರಿಸಿದನೇ? ಅವರು ಒಪ್ಪಿದರೇ?"

ಗುರುಗಳು ಹೇಳಿದರು: "ಹಾಡು ಹೇಗಿತ್ತು ಎಂದು ನೀನೂ ಕೇಳಲಿಲ್ಲ."